ಕೊಳ್ಳುವ ಮುನ್ನ: ಹಳೆ ಬೋಟಿಗೆ ಯಾವ ಎಂಜಿನ್ ಲೇಸು?

ಕಳೆದ ಸಂಚಿಕೆಯಲ್ಲಿ ಈ ಅಂಕಣದಲ್ಲಿ ಹಳೆ ಕಾರು ಕೊಳ್ಳುವ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಕೆಲವು ಗೆಳೆಯರು, "ಈ ಸಲ ಬೋಟಿನ ಬಗ್ಗೆ ಬರೆಯಿರಿ" ಎಂದರು. ಬಾಡಿಗೆ, ಮಕ್ಕಳ ಫೀಸು, ಊರಿಗೆ ಕಳಿಸುವ ಹಣ ಇವೆಲ್ಲದರ ನಡುವೆ ಬೋಟೆಲ್ಲಿಂದ ಬಂತು ಎಂದು ಕೇಳುವವರು ಇರಬಹುದು. ಆದರೆ ನಮ್ಮಲ್ಲಿ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಕಾರವಾರದ ಕಡೆಯವರೇ ಹೆಚ್ಚು. ಕಡಲು ಕಂಡರೆ ಸುಮ್ಮನಿರುವವರಲ್ಲ. ನಾಲ್ಕೈದು ಜನ ಪಾಲು ಹಾಕಿ ಒಂದು ಹಳೆ ಫೈಬರ್ ಬೋಟು ತೆಗೆದುಕೊಂಡು ರಜೆಯ ದಿನ ಗಾಳ ಹಾಕಲು ಹೋಗುವವರಿದ್ದಾರೆ. ಇನ್ನು ಕೆಲವರು ಅರಬಾಬ್‌ನ ಮನೆಯಲ್ಲಿ ಡ್ರೈವರ್, ಇಲ್ಲವೇ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. "ಈ ಬೋಟು ಹೇಗಿದೆ, ನೋಡಿಕೊಂಡು ಬಾ" ಎಂದು ಅವರನ್ನೇ ಕಳಿಸುತ್ತಾರೆ. ಈ ಎರಡೂ ಬಗೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಕಾರು ಕೆಟ್ಟರೆ ಶೇಖ್ ಝಾಯೆದ್ ರಸ್ತೆಯ ಬದಿಗೆ ನಿಲ್ಲಿಸಿ ರಿಕವರಿ ವ್ಯಾನಿಗೆ ಫೋನ್ ಮಾಡಬಹುದು. ಬೋಟಿನ ಎಂಜಿನ್ ಕೆಟ್ಟರೆ ಬದಿ ಎಂಬುದೇ ಇಲ್ಲ. ಶಮಾಲ್ ಗಾಳಿ ಎದ್ದಿತೋ, ಬೋಟು ಗಾಳಿ ಹೇಳಿದ ಕಡೆಗೆ ಹೋಗುತ್ತದೆ. ಎಂಜಿನ್ ಎಂದರೆ ದಡಕ್ಕೆ ಮರಳುವ ಟಿಕೆಟ್. ಆದ್ದರಿಂದ ಹಳೆ ಬೋಟು ಕೊಳ್ಳುವುದೆಂದರೆ ಮುಖ್ಯವಾಗಿ ಹಳೆ ಎಂಜಿನ್ ಕೊಳ್ಳುವುದು. ಸೀಟು, ಬಣ್ಣ, ಮ್ಯೂಸಿಕ್ ಸಿಸ್ಟಮ್ ಎಲ್ಲ ಆಮೇಲೆ.

ಈ ನೀರಿನ ಗುಣ

ನಮ್ಮ ಕೊಲ್ಲಿಯ ನೀರು ಎಂಜಿನ್‌ಗೆ ಸುಲಭದ ನೀರಲ್ಲ. ಮಹಾಸಾಗರಗಳ ನೀರಿನಲ್ಲಿ ಉಪ್ಪು ಸರಾಸರಿ ಸಾವಿರಕ್ಕೆ 35 ಭಾಗ ಇದ್ದರೆ, ಇಲ್ಲಿ ಸುಮಾರು 40. ಆಗಸ್ಟ್‌ನಲ್ಲಿ ಮೇಲ್ಮೈ ನೀರಿನ ಬಿಸಿ 33 ಡಿಗ್ರಿ ದಾಟುವುದು ಸಾಮಾನ್ಯ. ಬೋಟಿನ ಎಂಜಿನ್ ತಣ್ಣಗಾಗುವುದು ಈ ಕಡಲ ನೀರನ್ನೇ ಎಳೆದುಕೊಂಡು. ಹೀಗಾಗಿ ತಂಪು ಮಾಡುವ ವ್ಯವಸ್ಥೆಗೆ ಇಲ್ಲಿ ಕೆಲಸ ಜಾಸ್ತಿ, ತುಕ್ಕಿಗೆ ಅವಕಾಶವೂ ಜಾಸ್ತಿ. ಬೇರೆ ದೇಶದ ತಣ್ಣನೆಯ ಸಿಹಿನೀರಿನ ಕೆರೆಯಲ್ಲಿ ಹತ್ತು ವರ್ಷ ಓಡಿದ ಎಂಜಿನ್ನೂ ಇಲ್ಲಿ ಹತ್ತು ವರ್ಷ ಓಡಿದ ಎಂಜಿನ್ನೂ ಒಂದೇ ಅಲ್ಲ.

ಇನ್ನೊಂದು ವಿಷಯ. ಕಾರಿಗೆ ಕಿಲೋಮೀಟರ್ ಹೇಗೋ, ಬೋಟಿಗೆ ಗಂಟೆ ಹಾಗೆ. ಸಾವಿರ ಗಂಟೆ ಎಂದರೆ ಕಾರಿನ ಲೆಕ್ಕದಲ್ಲಿ ಐವತ್ತು ಅರವತ್ತು ಸಾವಿರ ಕಿಲೋಮೀಟರ್ ಇರಬಹುದು ಎಂದು ಹಗುರವಾಗಿ ಎಣಿಸಬೇಡಿ. ಶಿರಾಡಿ ಘಾಟಿ ಹತ್ತುವಾಗ ಕಾರಿನ ಎಂಜಿನ್‌ಗೆ ಬೀಳುವ ಶ್ರಮ, ನೀರನ್ನು ಸೀಳುವ ಬೋಟಿನ ಎಂಜಿನ್‌ಗೆ ಹೆಚ್ಚು ಕಡಿಮೆ ಎಲ್ಲ ಹೊತ್ತೂ ಬೀಳುತ್ತದೆ.

ಟೂ-ಸ್ಟ್ರೋಕ್ ಔಟ್‌ಬೋರ್ಡ್

ಬೋಟಿನ ಹಿಂಭಾಗದ ಹಲಗೆಗೆ ಹೊರಗಿನಿಂದ ತೂಗುಹಾಕಿದ ಎಂಜಿನ್ನೇ ಔಟ್‌ಬೋರ್ಡ್. ಇಲ್ಲಿನ ಮೀನುಗಾರರ 'ತರ್ರಾದ್'ಗಳ ಹಿಂದೆ ಕಾಣುವುದು ಇದೇ. ಇದರಲ್ಲಿ ಹಳೆಯ ಬಗೆ ಟೂ-ಸ್ಟ್ರೋಕ್. ಊರಿನಲ್ಲಿ ಯಮಾಹಾ ಆರ್‌ಎಕ್ಸ್ 100 ಓಡಿಸಿದವರಿಗೆ ಇದರ ಸ್ವಭಾವ ಬಿಡಿಸಿ ಹೇಳಬೇಕಿಲ್ಲ. ಬಿಡಿಭಾಗ ಕಡಿಮೆ, ತೂಕ ಕಡಿಮೆ, ಥ್ರಾಟಲ್ ಕೊಟ್ಟ ಕೂಡಲೇ ಎದ್ದು ಹಾರುವ ಗುಣ. ಕಾರ್ಬ್ಯುರೇಟರ್ ಬಿಚ್ಚಿ ಸ್ವಚ್ಛ ಮಾಡಿದರೆ ಅರ್ಧ ತೊಂದರೆ ಮುಗಿಯಿತು. ಯಮಾಹಾದ 'ಎಂಡ್ಯುರೋ' ಸಾಲಿನ ಎಂಜಿನ್‌ಗಳು ಈ ಕಾರಣಕ್ಕೇ ಹೆಸರು ಮಾಡಿದ್ದು. ಯಾವ ಮೀನುಗಾರಿಕಾ ಬಂದರಿನಲ್ಲೂ ಇದನ್ನು ಬಲ್ಲ ಮೆಕ್ಯಾನಿಕ್ ಸಿಗುತ್ತಾನೆ.

ಇದರ ಇನ್ನೊಂದು ಮುಖ, ಪೆಟ್ರೋಲಿನ ಹಸಿವು. ಸಾಧಾರಣ ವೇಗದಲ್ಲಿ ಹೋಗುವಾಗ ಅದೇ ಶಕ್ತಿಯ ಫೋರ್-ಸ್ಟ್ರೋಕ್‌ಗಿಂತ ಮೂರರಲ್ಲೊಂದು ಪಾಲು ಹೆಚ್ಚು ಕುಡಿದರೂ ಆಶ್ಚರ್ಯವಿಲ್ಲ. ಜೊತೆಗೆ ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಯಬೇಕು. ಸಾಮಾನ್ಯವಾಗಿ 50 ಲೀಟರಿಗೆ 1 ಲೀಟರ್. ಕೆಲವು ಎಂಜಿನ್‌ಗಳಲ್ಲಿ ಪಂಪೇ ಬೆರೆಸುತ್ತದೆ. ಹಳೆ ಎಂಜಿನ್‌ನಲ್ಲಿ ಆ ಪಂಪು ಕೈಕೊಟ್ಟರೆ ಪಿಸ್ಟನ್ ಹಿಡಿದುಕೊಂಡು ಅಲ್ಲಿಗೆ ಮುಗಿಯಿತು. ಮಾರುವವನು ಪಂಪನ್ನು ಕಳಚಿಹಾಕಿ ಕೈಯಲ್ಲೇ ಬೆರೆಸುತ್ತಿದ್ದಾನೆಯೇ ಎಂದು ಕೇಳಿ ತಿಳಿದುಕೊಳ್ಳಿ. ಪಾಲುದಾರರಲ್ಲಿ ಒಬ್ಬ ಬೆರೆಸಿದ್ದಾನೆಂದು ಇನ್ನೊಬ್ಬ ಅಂದುಕೊಳ್ಳುವ ಕಡೆ ಇದು ದೊಡ್ಡ ಅಪಾಯ.

ಟೂ-ಸ್ಟ್ರೋಕ್‌ನಲ್ಲೇ ನೇರವಾಗಿ ಸಿಲಿಂಡರಿಗೆ ಇಂಧನ ಚಿಮ್ಮಿಸುವ ಹೊಸ ಬಗೆಯೂ ಬಂದಿತ್ತು. ಇವಿನ್‌ರೂಡ್ ಕಂಪನಿಯ 'ಇ-ಟೆಕ್' ಅಂಥದ್ದು. ಇಂಧನ ಉಳಿತಾಯದಲ್ಲಿ ಅದು ಒಳ್ಳೆಯದೇ. ಆದರೆ ಅದರ ಒಡೆಯರಾದ ಬಿಆರ್‌ಪಿ 2020ರಲ್ಲಿ ಇವಿನ್‌ರೂಡ್ ಔಟ್‌ಬೋರ್ಡ್ ತಯಾರಿಕೆಯನ್ನೇ ನಿಲ್ಲಿಸಿತು. ಅಂಥ ಎಂಜಿನ್ ಇರುವ ಬೋಟು ಅಗ್ಗಕ್ಕೆ ಸಿಕ್ಕರೆ, ಅಗ್ಗ ಯಾಕೆ ಎಂಬುದು ನೆನಪಿರಲಿ. ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿಯೇ ಮುಂದುವರಿಯಿರಿ.

ಫೋರ್-ಸ್ಟ್ರೋಕ್ ಔಟ್‌ಬೋರ್ಡ್

ಇದು ಹೀರೋ ಹೋಂಡಾ ಜಾತಿಯದು. ಸದ್ದು ಕಡಿಮೆ, ಹೊಗೆ ಕಡಿಮೆ, ಪೆಟ್ರೋಲ್ ಕಡಿಮೆ. ಕಾರಿನ ಹಾಗೆ ಎಂಜಿನ್ ಆಯಿಲ್ ಪ್ರತ್ಯೇಕ, ಬೆರೆಸುವ ತಲೆನೋವಿಲ್ಲ. ಹೋಂಡಾ 1964ರಿಂದಲೂ ಫೋರ್-ಸ್ಟ್ರೋಕ್ ಔಟ್‌ಬೋರ್ಡ್ ಮಾಡುತ್ತಿದೆ. ಅಮೆರಿಕ, ಯುರೋಪಿನ ಹೊಗೆ ನಿಯಮಗಳು ಬಿಗಿಯಾದ ಮೇಲೆ ಯಮಾಹಾ, ಸುಜುಕಿ, ಮರ್ಕ್ಯುರಿ ಎಲ್ಲರೂ ಇದೇ ದಾರಿ ಹಿಡಿದರು. ಈಗ ಹಳೆ ಬೋಟುಗಳ ಮಾರುಕಟ್ಟೆಯಲ್ಲಿ 100ರಿಂದ 200 ಅಶ್ವಶಕ್ತಿಯ ಫೋರ್-ಸ್ಟ್ರೋಕ್‌ಗಳು ಬೇಕಾದಷ್ಟಿವೆ.

ಒಂದು ಅಂದಾಜು ಕೊಡುತ್ತೇವೆ. 115 ಅಶ್ವಶಕ್ತಿಯ ಫೋರ್-ಸ್ಟ್ರೋಕ್ ಪೂರ್ತಿ ವೇಗದಲ್ಲಿ ಗಂಟೆಗೆ 40 ಲೀಟರ್‌ನಷ್ಟು ಕುಡಿಯುತ್ತದೆ. ಹದವಾದ ವೇಗದಲ್ಲಿ ಸುಮಾರು 20 ಲೀಟರ್. ಅಂದರೆ ಥ್ರಾಟಲ್ ಸ್ವಲ್ಪ ಹಿಂದೆ ಎಳೆದರೆ ಖರ್ಚು ಅರ್ಧಕ್ಕಿಳಿಯುತ್ತದೆ. ದಿನಕ್ಕೆ ಮೂರು ಗಂಟೆ ಓಡಿಸಿದರೆ 60 ಲೀಟರ್. ಹೋಗಲು ಮೂರರಲ್ಲೊಂದು, ಬರಲು ಮೂರರಲ್ಲೊಂದು, ಕೈಕಾವಲಿಗೆ ಮೂರರಲ್ಲೊಂದು ಎಂಬುದು ಕಡಲಿನ ಹಳೆಯ ಲೆಕ್ಕ. ಆದ್ದರಿಂದ ಟ್ಯಾಂಕಿನಲ್ಲಿ 90 ಲೀಟರ್ ಇಲ್ಲದೆ ಹೊರಡುವಂತಿಲ್ಲ. ಐದು ಜನ ಹಂಚಿಕೊಂಡರೆ ಇದು ಆಗದ ಖರ್ಚೇನಲ್ಲ.

ಫೋರ್-ಸ್ಟ್ರೋಕ್‌ನ ಕೊರತೆ ಎರಡು. ಒಂದು, ತೂಕ. ಟೂ-ಸ್ಟ್ರೋಕ್‌ಗೆಂದು ಕಟ್ಟಿದ ಹಳೆ ಬೋಟಿಗೆ ಆಮೇಲೆ ಫೋರ್-ಸ್ಟ್ರೋಕ್ ಕೂರಿಸಿದ್ದರೆ ಹಿಂಭಾಗ ನೀರಿಗೆ ಕುಸಿದಿರುತ್ತದೆ. ನೀರಿನಲ್ಲಿ ನಿಂತಾಗ ಮೂರು ಜನ ಹಿಂದೆ ಹೋಗಿ ನಿಲ್ಲಿ. ಡೆಕ್ಕಿನ ನೀರು ಹೊರಹೋಗುವ ತೂತುಗಳಿಂದ ಕಡಲ ನೀರೇ ಒಳಬಂದರೆ ಆ ಬೋಟು ಬೇಡ. ಎರಡು, ಕೆಟ್ಟರೆ ರಿಪೇರಿ ದುಬಾರಿ. ಕಂಪ್ಯೂಟರ್, ಸೆನ್ಸರ್, ಇಂಜೆಕ್ಟರ್ ಎಲ್ಲ ಇವೆ. ಯಮಾಹಾದ ಕೆಲವು ಮಾದರಿಗಳಲ್ಲಿ ಟೈಮಿಂಗ್ ಬೆಲ್ಟನ್ನು 1000 ಗಂಟೆಗೆ ಅಥವಾ 5 ವರ್ಷಕ್ಕೆ ಬದಲಿಸಬೇಕು. ಬದಲಿಸಿದ್ದಕ್ಕೆ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿದು ಬೆಲೆ ಇಳಿಸಿ.

ಇದರಲ್ಲಿ ಒಂದು ದೊಡ್ಡ ಅನುಕೂಲವೂ ಇದೆ. ಇಂಜೆಕ್ಷನ್ ಇರುವ ಎಂಜಿನ್‌ಗೆ ಕಂಪನಿಯ ವರ್ಕ್‌ಶಾಪಿನವರು ಲ್ಯಾಪ್‌ಟಾಪ್ ಜೋಡಿಸಿದರೆ ಒಟ್ಟು ಎಷ್ಟು ಗಂಟೆ ಓಡಿದೆ, ಯಾವ ದೋಷ ದಾಖಲಾಗಿದೆ ಎಂಬ ಜಾತಕವೇ ಹೊರಬರುತ್ತದೆ. ಮಾರುವವನ ಬಾಯಿಮಾತು ನಂಬಬೇಕಿಲ್ಲ.

ಸ್ಟರ್ನ್‌ಡ್ರೈವ್

ಎಂಜಿನ್ ಬೋಟಿನ ಒಳಗೆ, ಪ್ರೊಪೆಲ್ಲರ್ ಇರುವ ಕಾಲು ಮಾತ್ರ ಹಿಂದಿನಿಂದ ಹೊರಗೆ. ವೋಲ್ವೋ ಪೆಂಟಾ 1959ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮರ್‌ಕ್ರೂಸರ್ ಇನ್ನೊಂದು ದೊಡ್ಡ ಹೆಸರು. ಕಾರಿನ ವಿ6, ವಿ8 ಎಂಜಿನ್ನನ್ನೇ ಕಡಲಿಗೆ ಒಗ್ಗಿಸಿ ಕೂರಿಸಿರುತ್ತಾರೆ. ಒಳಗೆ ಸೋಫಾ, ಮಲಗುವ ಜಾಗ, ಹೊಳೆಯುವ ಡ್ಯಾಶ್‌ಬೋರ್ಡ್ ಇರುವ ಬೋಟುಗಳು ನಂಬಲಾಗದಷ್ಟು ಕಡಿಮೆ ಬೆಲೆಗೆ ಬರುವುದು ಹೆಚ್ಚಾಗಿ ಇದೇ ಜಾತಿಯಲ್ಲಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಕಾರಣ ಹೀಗಿದೆ. ಕಾಲು ಹೊರಬರುವ ಜಾಗದಲ್ಲಿ ಬೆಲ್ಲೋಸ್ ಎಂಬ ರಬ್ಬರಿನ ಸುರುಳಿ ಕವಚವಿದೆ. ಅದು ಬಿರುಕು ಬಿಟ್ಟರೆ ನೀರು ಒಳನುಗ್ಗಿ ಕಟ್ಟಿಹಾಕಿದ ಬೋಟೂ ಮುಳುಗಬಹುದು. ಇಲ್ಲಿನ ಬಿಸಿಲಿಗೆ ರಬ್ಬರ್ ಎಷ್ಟು ದಿನ ಬಾಳುತ್ತದೆ ಎಂಬುದು ನಿಮಗೆ ಗೊತ್ತು. ಉಪ್ಪುನೀರು ಹರಿಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ರೈಸರ್‌ಗಳು ಒಳಗಿನಿಂದ ತುಕ್ಕು ಹಿಡಿದು ಕೆಲವೇ ವರ್ಷಕ್ಕೆ ಬದಲಿಸುವ ಹಾಗಾಗುತ್ತವೆ. ಬಿಟ್ಟರೆ ನೀರು ಸಿಲಿಂಡರಿಗೇ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪೆಟ್ರೋಲ್ ಎಂಜಿನ್ ಮುಚ್ಚಿದ ಜಾಗದಲ್ಲಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಬೋಟಿನ ತಳದಲ್ಲಿ ಕೂತಿರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಬ್ಲೋವರ್ ಫ್ಯಾನನ್ನು ಕನಿಷ್ಠ ನಾಲ್ಕು ನಿಮಿಷ ಓಡಿಸಲೇಬೇಕು. ಒಂದು ಕಿಡಿ ಸಾಕು, ಬೋಟು ಸ್ಫೋಟಿಸುತ್ತದೆ. ಪಾಲಿನಲ್ಲಿ ಬೋಟು ಕೊಳ್ಳುವ ನಮ್ಮಂಥವರಿಗೆ ಹಳೆ ಪೆಟ್ರೋಲ್ ಸ್ಟರ್ನ್‌ಡ್ರೈವ್ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬ ಗಾದೆ ಇಲ್ಲಿಗೆ ಸರಿಹೊಂದುತ್ತದೆ.

ಡೀಸೆಲ್ ಇನ್‌ಬೋರ್ಡ್

ದುಬೈ ಕ್ರೀಕ್ ದಾಟಲು ಅಬ್ರಾ ಹತ್ತಿದವರೆಲ್ಲ ಡೀಸೆಲ್ ಇನ್‌ಬೋರ್ಡಿನ ಗುಡುಗುಡು ಕೇಳಿದ್ದೀರಿ. ನಡುಭಾಗದಲ್ಲಿ ಎಂಜಿನ್, ತಳದಿಂದ ಹೊರಟ ಶಾಫ್ಟು, ಅದರ ತುದಿಗೆ ಪ್ರೊಪೆಲ್ಲರ್. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳೂ ಇದೇ ಕಟ್ಟಿನವು. ದಿನವಿಡೀ ನಿಧಾನವಾಗಿ ದುಡಿಯಲು ಇದಕ್ಕೆ ಸಾಟಿಯಿಲ್ಲ. ಅದೇ ಕೆಲಸಕ್ಕೆ ಪೆಟ್ರೋಲ್ ಎಂಜಿನ್‌ಗಿಂತ ಮೂರರಲ್ಲೊಂದು ಪಾಲಿನಷ್ಟು ಕಡಿಮೆ ಇಂಧನ ಸಾಕು. ಚೆನ್ನಾಗಿ ನೋಡಿಕೊಂಡರೆ ಪೆಟ್ರೋಲ್ ಎಂಜಿನ್‌ಗಿಂತ ಹಲವು ಪಟ್ಟು ಗಂಟೆ ಬಾಳುತ್ತದೆ. ಡೀಸೆಲ್ ಆವಿಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ ಎಂಬುದೂ ನೆಮ್ಮದಿಯ ವಿಷಯ.

ಆದರೆ ಬೆಲೆ ಹೆಚ್ಚು, ತೂಕ ಹೆಚ್ಚು, ಟ್ರೇಲರ್ ಮೇಲೆ ಎಳೆದುಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸುವ ಮಾತಿಲ್ಲ. ವರ್ಷವಿಡೀ ನೀರಿನಲ್ಲೇ ಇರಿಸಬೇಕಾದ್ದರಿಂದ ಬಂದರಿನ ಬಾಡಿಗೆ, ತಳಕ್ಕೆ ಅಂಟುವ ಚಿಪ್ಪು ಕೆರೆಯುವ ಖರ್ಚು ಬರುತ್ತದೆ. ವಾರಕ್ಕೊಮ್ಮೆ ಹೋಗುವವರಿಗೆ ಇದು ಹೆಚ್ಚಾಯಿತು. ಪ್ರವಾಸಿಗರನ್ನು ಕರೆದೊಯ್ಯುವ ಅಥವಾ ಮೀನುಗಾರಿಕೆಯ ವ್ಯಾಪಾರ ನಡೆಸುವ ಅರಬಾಬ್ ಕೇಳಿದರೆ ಮಾತ್ರ, "ಡೀಸೆಲ್ ನೋಡಿ" ಎನ್ನಬಹುದು.

ಒಂದೋ, ಎರಡೋ?

ಇಲ್ಲಿ ಎರಡು ಎಂಜಿನ್ ಕಟ್ಟಿದ ಬೋಟುಗಳು ಬಹಳ. ಒಂದು ಕೆಟ್ಟರೆ ಇನ್ನೊಂದರಲ್ಲಿ ದಡ ಸೇರಬಹುದು ಎಂಬುದು ನಿಜವಾದ ಲಾಭ. ಆದರೆ ಎರಡಕ್ಕೂ ಒಂದೇ ಟ್ಯಾಂಕು, ಒಂದೇ ಫಿಲ್ಟರ್, ಒಂದೇ ಬ್ಯಾಟರಿ ಇದ್ದರೆ ನೀರು ಸೇರಿದ ಪೆಟ್ರೋಲ್ ಎರಡನ್ನೂ ಒಟ್ಟಿಗೇ ನಿಲ್ಲಿಸುತ್ತದೆ. ಸರ್ವಿಸ್ ಖರ್ಚಂತೂ ಎರಡು ಪಟ್ಟು. ದಡ ಕಾಣುವಷ್ಟು ದೂರದಲ್ಲೇ ಇರುವವರಿಗೆ ಚೆನ್ನಾಗಿ ನೋಡಿಕೊಂಡ ಒಂದು ಎಂಜಿನ್, ಅಲಕ್ಷಿಸಿದ ಎರಡಕ್ಕಿಂತ ಮೇಲು.

ನೋಡಲು ಹೋದಾಗ

ಹೋಗುವ ಮೊದಲೇ ಮಾರುವವನಿಗೆ, "ನಾವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ. ಹೋದ ಕೂಡಲೇ ಕವಚ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗದ ರೋಗವನ್ನು ಮುಚ್ಚಿಡುತ್ತಿರಬಹುದು.

ಹಿಂಭಾಗದ ಹಲಗೆ ಎರಡನೆಯದು. ಹೊರಗೆ ಫೈಬರ್ ಕಂಡರೂ ಹಳೆ ಬೋಟುಗಳಲ್ಲಿ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರಿಳಿದು ಅದು ಕೊಳೆಯುತ್ತದೆ. ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟಿ. ಗಟ್ಟಿ ಸದ್ದಿನ ನಡುವೆ ಎಲ್ಲಾದರೂ ಹಲಸಿನ ಹಣ್ಣು ತಟ್ಟಿದ ಹಾಗೆ ಮೆತ್ತನೆಯ ಸದ್ದು ಬಂದರೆ ಅಲ್ಲಿ ಕೊಳೆತಿದೆ. ಎಂಜಿನ್ನನ್ನು ಅರ್ಧ ಎತ್ತಿ, ಕಾಲನ್ನು ಹಿಡಿದು ಮೇಲೆ ಕೆಳಗೆ ಒತ್ತಿ. ಹಲಗೆ ಬಾಗಿದರೆ ಬೋಟು ಬಿಟ್ಟುಬನ್ನಿ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಹಿಡಿದಿರುವುದು ಈ ಹಲಗೆ.

ಮೂರನೆಯದು ಗೇರ್ ಆಯಿಲ್. ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ತೆಗೆಯಿರಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಸೀಲು ಹೋಗಿ ನೀರು ಸೇರಿದೆ. ನಾಲ್ಕನೆಯದು ಕಂಪ್ರೆಷನ್. ಗೇಜ್ ಹಾಕಿ ಎಲ್ಲ ಸಿಲಿಂಡರ್‌ಗಳನ್ನೂ ಅಳೆಯಿರಿ. ಒಂದಕ್ಕೊಂದು ವ್ಯತ್ಯಾಸ ಶೇಕಡಾ 10ರೊಳಗೆ ಇರಬೇಕು. ಐದನೆಯದು ಜಿಂಕ್ ತುಂಡುಗಳು. ಎಂಜಿನ್‌ನ ಬದಲು ತಾವೇ ಸವೆಯಲೆಂದು ಇಟ್ಟವು ಅವು. ಅರ್ಧ ಸವೆದಿದ್ದರೆ ಒಳ್ಳೆಯದೇ. ಪೂರ್ತಿ ಮಾಯವಾಗಿದ್ದರೆ ತುಕ್ಕು ಎಂಜಿನ್ನನ್ನು ತಿನ್ನಲು ಶುರುಮಾಡಿ ಎಷ್ಟೋ ಕಾಲವಾಗಿದೆ. ಅವುಗಳ ಮೇಲೆ ಬಣ್ಣ ಬಳಿದಿದ್ದರೆ, ಆ ಬೋಟನ್ನು ನೋಡಿಕೊಂಡವನಿಗೆ ವಿಷಯ ಗೊತ್ತಿಲ್ಲ ಎಂದರ್ಥ.

ಬಹಳ ಕಡಿಮೆ ಓಡಿದ್ದನ್ನೂ ಅನುಮಾನದಿಂದಲೇ ನೋಡಿ. ಹತ್ತು ವರ್ಷದಲ್ಲಿ 90 ಗಂಟೆ ಮಾತ್ರ ಓಡಿದ ಎಂಜಿನ್ ಎಂದರೆ ಹತ್ತು ಬೇಸಿಗೆ ಬಿಸಿಲಲ್ಲಿ ನಿಂತ ಎಂಜಿನ್. ರಬ್ಬರ್ ಪೈಪು ಗಟ್ಟಿಯಾಗಿ, ಪೆಟ್ರೋಲ್ ಅಂಟಾಗಿ, ನೀರಿನ ದಾರಿಯಲ್ಲಿ ಉಪ್ಪು ಕಟ್ಟಿರುತ್ತದೆ. ಅದಕ್ಕಿಂತ ಪ್ರತಿ ವಾರ ಓಡಿ, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಸಿಕೊಂಡ 600 ಗಂಟೆಯ ಎಂಜಿನ್ ನಂಬಿಗಸ್ತ.

ನೀರಿಗಿಳಿಸಿ ನೋಡದೆ ಮುಂಗಡ ಕೊಡಬೇಡಿ. ಎಂಜಿನ್‌ನ ಪಕ್ಕದ ಸಣ್ಣ ತೂತಿನಿಂದ ನೀರಿನ ಚಿಲುಮೆ ಬಲವಾಗಿ ಬರುತ್ತಿದೆಯೇ ನೋಡಿ; ಬರದಿದ್ದರೆ ಇಂಪೆಲ್ಲರ್ ಸವೆದಿದೆ ಅಥವಾ ದಾರಿ ಕಟ್ಟಿದೆ. ನಿಮ್ಮ ಮಾಮೂಲಿ ಜನರನ್ನೆಲ್ಲ ಹತ್ತಿಸಿಕೊಂಡು ಪೂರ್ತಿ ಥ್ರಾಟಲ್ ಕೊಡಿ. ಹೆಚ್ಚಿನ ಫೋರ್-ಸ್ಟ್ರೋಕ್‌ಗಳು ಆಗ ನಿಮಿಷಕ್ಕೆ 5000ದಿಂದ 6000 ಸುತ್ತು ಮುಟ್ಟಬೇಕು. ಅದರ ಕೆಳಗೇ ನಿಂತರೆ ಪ್ರೊಪೆಲ್ಲರ್ ತಪ್ಪಿದೆ, ಇಲ್ಲವೇ ಎಂಜಿನ್ ಸೋತಿದೆ. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಬಿಸಿ ಇರುವಾಗಲೇ ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಸ್ಟಾರ್ಟ್ ಆಗದ ಎಂಜಿನ್ ಮೀನು ಸಿಕ್ಕುವ ಜಾಗದಲ್ಲೇ ಕೈಕೊಡುತ್ತದೆ.

ಕಾಗದ ಮತ್ತು ಪಾಲು

ಬೋಟಿನ ನಂಬರ್, ಎಂಜಿನ್‌ನ ಸೀರಿಯಲ್ ನಂಬರ್ ಎರಡೂ ನೋಂದಣಿ ಪತ್ರದೊಂದಿಗೆ ತಾಳೆಯಾಗಬೇಕು. ನೋಂದಣಿ ಯಾರ ಹೆಸರಿಗೆ ಆಗುತ್ತದೆ, ಓಡಿಸುವವನಿಗೆ ಯಾವ ಲೈಸೆನ್ಸ್ ಬೇಕು, ಗಾಳ ಹಾಕಲು ಯಾವ ಪರವಾನಗಿ ಬೇಕು ಎಂಬುದು ದೇಶದಿಂದ ದೇಶಕ್ಕೆ, ಎಮಿರೇಟ್‌ನಿಂದ ಎಮಿರೇಟ್‌ಗೆ ಬೇರೆ. ಹಣ ಕೊಡುವ ಮೊದಲು ಸಂಬಂಧಪಟ್ಟ ಇಲಾಖೆಯ ಕೌಂಟರಿನಲ್ಲೇ ಕೇಳಿ; ಬ್ರೋಕರ್ ಮಾತು ಸಾಲದು.

ಕೈಯಲ್ಲಿರುವ ಹಣವನ್ನೆಲ್ಲ ಬೋಟಿಗೇ ಸುರಿಯಬೇಡಿ. ಉದಾಹರಣೆಗೆ ಎಲ್ಲರ ಪಾಲು ಸೇರಿ 30 ಸಾವಿರ ದಿರ್ಹಮ್ ಆದರೆ 22-23 ಸಾವಿರದೊಳಗಿನ ಬೋಟು ನೋಡಿ. ಉಳಿದದ್ದು ಇಂಪೆಲ್ಲರ್, ಪೈಪು, ಬ್ಯಾಟರಿ, ವಿಮೆ, ಲೈಫ್ ಜಾಕೆಟ್‌ಗೆ.

ಪಾಲುದಾರರು ಎಷ್ಟೇ ಆಪ್ತರಿರಲಿ, ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ನಮ್ಮ ಬದುಕು ವೀಸಾದ ಮೇಲೆ ನಿಂತಿದೆ. ನಾಳೆ ಒಬ್ಬನ ಕೆಲಸ ಹೋದರೆ ಅವನ ಪಾಲಿಗೆ ಬೆಲೆ ಕಟ್ಟುವುದು ಹೇಗೆ? ಊರಿಗೆ ಎರಡು ತಿಂಗಳು ರಜೆ ಹೋದವನು ಆ ತಿಂಗಳ ಖರ್ಚು ಕೊಡಬೇಕೇ? ಓಡಿಸುವಾಗ ಪ್ರೊಪೆಲ್ಲರ್ ಬಂಡೆಗೆ ತಾಗಿದರೆ ಖರ್ಚು ಯಾರದು? ಈ ಮೂರಕ್ಕೆ ಮೊದಲೇ ಉತ್ತರ ಬರೆದಿಟ್ಟರೆ ಬೋಟಿನ ಜೊತೆ ಸ್ನೇಹವೂ ತೇಲುತ್ತದೆ.

ನಮ್ಮ ತೀರ್ಮಾನ

ದಡದ ಹತ್ತಿರ ಗಾಳ ಹಾಕುವ ನಾಲ್ಕೈದು ಜನಕ್ಕೆ, ಟ್ರೇಲರ್ ಮೇಲೆ ನಿಲ್ಲುವ ಗಟ್ಟಿ ಹಲಗೆಯ ಫೈಬರ್ ಬೋಟು, ನಿಮ್ಮ ಬಂದರಿನ ಮೆಕ್ಯಾನಿಕ್‌ಗೆ ಪರಿಚಯವಿರುವ ಕಂಪನಿಯ ಒಂದು ಫೋರ್-ಸ್ಟ್ರೋಕ್ ಔಟ್‌ಬೋರ್ಡ್. ಹಣ ಕಡಿಮೆ ಇದ್ದು, ನಿಮ್ಮಲ್ಲೇ ಒಬ್ಬ ಮೆಕ್ಯಾನಿಕ್ ಇದ್ದರೆ, ಸಾದಾ ಟೂ-ಸ್ಟ್ರೋಕ್ ಕೂಡ ಅಡ್ಡಿಯಿಲ್ಲ. ಉಳಿದೆರಡು ನಮ್ಮ ಕೈಗೆ ಹೊಂದುವವಲ್ಲ.

ಯಾವ ಎಂಜಿನ್ನೇ ಆಗಲಿ, ಹೊರಡುವ ಮುನ್ನ ತಲೆಗೊಂದು ಲೈಫ್ ಜಾಕೆಟ್, ಒಂದು ಲಂಗರು, ಸಾಕಷ್ಟು ಕುಡಿಯುವ ನೀರು, ವಿಎಚ್‌ಎಫ್ ರೇಡಿಯೋ ಇರಲಿ. ಆಪತ್ತಿನ ಕರೆಗೆ ಚಾನೆಲ್ 16. ಯುಎಇಯಲ್ಲಿ ಕರಾವಳಿ ಕಾವಲು ಪಡೆಯ ಸಂಖ್ಯೆ 996. ಓಡಿಸುವವನು ಕಿಲ್ ಸ್ವಿಚ್‌ನ ಹಗ್ಗವನ್ನು ಮೈಗೆ ಸಿಕ್ಕಿಸಿಕೊಳ್ಳಲೇಬೇಕು. ಅವನು ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವುದು ಅದರಿಂದಲೇ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ದಡದಲ್ಲಿರುವ ಒಬ್ಬರಿಗೆ ಹೇಳಿ ಹೋಗಿ. ಇಲ್ಲಿ 'ಕನ್‌ಆದ್' ಎನ್ನುವ ನಮ್ಮ ಅಂಜಲ್ ಇವತ್ತು ಸಿಗದಿದ್ದರೆ ಮುಂದಿನ ವಾರ ಸಿಗುತ್ತದೆ. ಊರಿನಲ್ಲಿ ಕಾಯುವವರಿಗೆ ಬೇಕಾದದ್ದು ಮೀನಲ್ಲ, ಸಂಜೆಯ ನಿಮ್ಮ ಫೋನು.